ಎರಡು ಮಾನಿಟರ್ ಬಿಟ್ಟು ಅಲ್ಟ್ರಾವೈಡ್‌ಗೆ ಹೋಗಿ, ಅರ್ಧ ದಾರಿ ವಾಪಸ್ ಬಂದೆ

ನಾನು ದಾವಣಗೆರೇಲಿ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ಕೊಂಡಿರೋನು. ಗೇಮ್ ಆಡಲ್ಲ, ವಿಡಿಯೋ ಎಡಿಟಿಂಗ್ ಬರಲ್ಲ. ನಂಗೆ ಬೇಕಾಗಿರೋದು ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ಮೂರೂ ಒಟ್ಟಿಗೆ ಕಣ್ಮುಂದೆ ಇರೋದು, ಅಷ್ಟೇ. ತಿಂಗಳು 14ಕ್ಕೆ 2ಬಿ (ಮಾರಿದವರು ಪೋರ್ಟಲ್‌ಗೆ ಹಾಕಿದ ಬಿಲ್‌ಗಳ ಪಟ್ಟಿ) ಬರುತ್ತೆ, 20ಕ್ಕೆ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕ್ಬೇಕು, ಮಧ್ಯೆ ಸಿಗೋ ಐದಾರು ದಿನದಲ್ಲಿ ಒಬ್ಬೊಬ್ಬ ಪಾರ್ಟಿದೂ ಪರ್ಚೇಸ್ ರಿಜಿಸ್ಟರ್ ತೆಗೆದು ಯಾವ ಬಿಲ್ ಬಂದಿದೆ ಯಾವುದು ಬಂದಿಲ್ಲ ಅಂತ ಹೊಂದಿಸ್ಕೊಂಡು ಕೂರೋದು, ಆ ದಿನಗಳಲ್ಲಿ ಮನೆಯವರು ಊಟಕ್ಕೆ ಕರೆಯೋದನ್ನೂ ಬಿಟ್ಬಿಟ್ಟಿದಾರೆ.

ಮೊದಲು ಎರಡು 22 ಇಂಚಿನ ಮಾನಿಟರ್ ಇದ್ವು. ಎರಡನ್ನೂ ಸಮವಾಗಿ ಪಕ್ಕಪಕ್ಕ ಇಟ್ರೆ ಮೂಗಿನ ನೇರಕ್ಕೆ ಬರೋದು ಸ್ಕ್ರೀನ್ ಅಲ್ಲ, ಎರಡರ ಮಧ್ಯದ ಕಪ್ಪು ಪಟ್ಟಿ! ಹಂಗಾಗಿ ನಾನು ಯಾವಾಗ್ಲೂ ಎಡಗಡೆದಕ್ಕೆ ತಿರುಗಿ ಕೂರ್ತಿದ್ದೆ, ನಾಲ್ಕು ವರ್ಷ ಹಂಗೇ ಕೂತು ಕುತ್ತಿಗೆ ಒಂದು ಕಡೆ ಹಿಡ್ಕೊಳ್ಳೋಕೆ ಶುರುವಾಯ್ತು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಅಕ್ಕನ ಮಗ ಹಬ್ಬಕ್ಕೆ ಬಂದಾಗ ನೋಡಿ "ಮಾವ, ಇವೆರಡನ್ನೂ ತೆಗೆದು ಹಾಕಿ, ಒಂದು ಅಲ್ಟ್ರಾವೈಡ್ ತಗೊಳ್ಳಿ" ಅಂದ. 2023ರಲ್ಲಿ ತಗೊಂಡೆ, ಮಾಮೂಲಿಗಿಂತ ತುಂಬಾ ಅಗಲದ ಒಂದೇ ಸ್ಕ್ರೀನ್, 34 ಇಂಚು, 3440×1440 ಪಿಕ್ಸೆಲ್, ಸ್ವಲ್ಪ ಬಾಗಿರೋದು.

ಬಿಲ್ ನೋಡಿದಾಗ ನಗು ಬಂತು. ಆಗ 32 ಇಂಚಿನವರೆಗಿನ ಮಾನಿಟರ್‌ಗೆ ಜಿಎಸ್‌ಟಿ 18 ಪರ್ಸೆಂಟ್, ಅದಕ್ಕಿಂತ ದೊಡ್ಡದಕ್ಕೆ 28. ಅಂದ್ರೆ ಎರಡು 27 ಇಂಚು ತಗೊಂಡಿದ್ರೆ 18, ಒಂದು 34 ತಗೊಂಡಿದ್ದಕ್ಕೆ 28! ನಂಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ, ಅಂದ್ರೆ ಕೊಟ್ಟ ಜಿಎಸ್‌ಟಿನ ನಾನು ಕಟ್ಟೋ ಜಿಎಸ್‌ಟಿಲಿ ಮುರ್ಕೋಬಹುದು, ಮನೆಗೆ ತಗೊಳ್ಳೋರಿಗೆ ಆಗ ಅದು ಪೂರ್ತಿ ಹೊರೆ. 2025 ಸೆಪ್ಟೆಂಬರ್ 22ರಿಂದ ದೊಡ್ಡದೂ 18ಕ್ಕೆ ಇಳಿದಿದೆ, ಆದ್ರಿಂದ ಈಗ ತಗೊಳ್ಳೋರು ಈ ಲೆಕ್ಕ ತಲೆಗೆ ಹಚ್ಕೊಳ್ಳೋದು ಬೇಡ.

ಮನೆಗೆ ತಂದ ದಿನವೇ ಮೊದಲ ಏಟು. ನನ್ನ ಲ್ಯಾಪ್‌ಟಾಪ್ ಹಳೇದು, ಅದರ ವಿಡಿಯೋ ಪೋರ್ಟ್ ಎಚ್‌ಡಿಎಂಐ 1.4, ಅದ್ರಲ್ಲಿ ಪೂರ್ತಿ ರೆಸಲ್ಯೂಷನ್ ಕೊಟ್ರೆ 50 ಹರ್ಟ್ಜ್ (ಸೆಕೆಂಡಿಗೆ 50 ಸಲ ಚಿತ್ರ ಬದಲಾಗೋದು) ಮಾತ್ರ ಬಂತು, ಮೌಸ್ ಎಳೆದ್ರೆ ಒಂಥರಾ ತಡವರಿಸ್ಕೊಂಡು ಬರೋದು. ಟೈಪ್ ಸಿ ಪೋರ್ಟ್ ಇದೆಯಲ್ಲ ಅಂತ ಕೇಬಲ್ ತಂದ್ರೆ ಆ ಪೋರ್ಟಲ್ಲಿ ಚಾರ್ಜ್ ಆಗುತ್ತೆ, ಪೆನ್‌ಡ್ರೈವ್ ಓಡುತ್ತೆ, ವಿಡಿಯೋ ಬರಲ್ಲ! ಎಲ್ಲಾ ಟೈಪ್ ಸಿ ಒಂದೇ ಅಲ್ಲ ಅಂತ ಕೇಬಲ್ ದುಡ್ಡು ಕಳ್ಕೊಂಡ ಮೇಲೆ ಗೊತ್ತಾಯ್ತು. ಕೊನೆಗೆ ಡಿಸ್‌ಪ್ಲೇಪೋರ್ಟ್ ಅನ್ನೋ ಇನ್ನೊಂದು ಥರದ ವಿಡಿಯೋ ಪೋರ್ಟ್ ಇರೋ ಸಣ್ಣ ಡೆಸ್ಕ್‌ಟಾಪ್ ಹಾಕಿಸ್ದೆ, ಅಲ್ಲಿಗೆ ಮಾನಿಟರ್ ಬಜೆಟ್ಟು ಕಂಪ್ಯೂಟರ್ ಬಜೆಟ್ಟಾಗಿ ಬೆಳೀತು.

ಎರಡನೇದು ಟೇಬಲ್. ನಂದು ಎರಡಡಿ ಆಳದ ಸ್ಟೀಲ್ ಟೇಬಲ್. ಮಾನಿಟರ್ ಸ್ಟ್ಯಾಂಡ್ ಕಾಲು ಹರಡ್ಕೊಂಡು ಕೂತ್ರೆ ಸ್ಕ್ರೀನ್ ಮುಖಕ್ಕೇ ಬರುತ್ತೆ, ಪ್ಯಾನೆಲ್ ಅಗಲ 80 ಸೆಂಟಿಮೀಟರ್, ಅಷ್ಟು ಹತ್ತಿರದಿಂದ ಈ ಮೂಲೆಯಿಂದ ಆ ಮೂಲೆಗೆ ನೋಡೋದು ಅಂದ್ರೆ ಮುಂದಿನ ಸಾಲಲ್ಲಿ ಕೂತು ಸಿನಿಮಾ ನೋಡಿದಂಗೆ. ಟೇಬಲ್ ಅಂಚಿಗೆ ಕಚ್ಚಿಸಿ ಮಾನಿಟರ್ ಎತ್ತಿ ಹಿಡಿಯೋ ಆರ್ಮ್ ತರಿಸ್ದೆ, ಸ್ಟೀಲ್ ಟೇಬಲ್ ಅಂಚು ಒಳಕ್ಕೆ ಮಡಚಿರೋದ್ರಿಂದ ಕ್ಲ್ಯಾಂಪ್ ಹಿಡೀಲಿಲ್ಲ, ಬಡಗಿ ಕರೆಸಿ ಕೆಳಗೆ ಪ್ಲೈವುಡ್ ತುಂಡು ಹೊಡೆಸ್ಬೇಕಾಯ್ತು. ಆರ್ಮ್ ತಗೊಳ್ಳೋವಾಗ ಎಷ್ಟು ಕೆಜಿ ತಡೆಯುತ್ತೆ ನೋಡಿ, 22 ಇಂಚಿಗೆ ಆಗೋದು ಇದಕ್ಕೆ ಹಾಕಿದ್ರೆ ನಿಧಾನಕ್ಕೆ ತಲೆ ಬಾಗಿಸುತ್ತೆ.

ಇಷ್ಟೆಲ್ಲಾ ಆದ್ಮೇಲೆ ಎಕ್ಸೆಲ್ ತೆಗೆದಾಗ ಮಾತ್ರ ಸಿಟ್ಟೆಲ್ಲಾ ಇಳೀತು. ಹಳೇ 1920 ಅಗಲದಲ್ಲಿ ಮಾಮೂಲಿ ಕಾಲಂ 28-29 ಕಾಣ್ತಿತ್ತು, ಇದ್ರಲ್ಲಿ 50ರ ಮೇಲೆ. ಎತ್ತರದಲ್ಲೂ 360 ಪಿಕ್ಸೆಲ್ ಜಾಸ್ತಿ, ಅಂದ್ರೆ 18 ಸಾಲು ಹೆಚ್ಚು. ಎಡಗಡೆ 2ಬಿ, ಬಲಗಡೆ ಪರ್ಚೇಸ್ ರಿಜಿಸ್ಟರ್, ಮಧ್ಯೆ ಪಟ್ಟಿ ಇಲ್ಲ, ಕುತ್ತಿಗೆ ನೇರ. ಒಂದು ತಿಂಗಳಲ್ಲಿ ಹಿಡ್ಕೊಳ್ಳೋದು ನಿಂತೋಯ್ತು, ಇದಕ್ಕೆ ಬರೀ ಮಾನಿಟರ್ ಕಾರಣನಾ ಅಥವಾ ಆರ್ಮ್ ಹಾಕಿ ಎತ್ತರ ಸರಿ ಮಾಡಿದ್ದಾ ಅಂತ ಹೇಳೋಕಾಗಲ್ಲ. ಒಂದು ಮಾತು, 34 ಇಂಚು ಅಂದ್ರೆ 27ಕ್ಕಿಂತ ಎಲ್ಲಾ ಕಡೆ ದೊಡ್ಡದು ಅಂದ್ಕೊಬೇಡಿ. ಎತ್ತರ 27 ಇಂಚಿಂದೇ, ಅಗಲ ಮಾತ್ರ ಜಾಸ್ತಿ. 2560×1440 ಪಿಕ್ಸೆಲ್‌ನ ಎರಡು 27 ಇಂಚು ಇಟ್ರೆ ಸಿಗೋ ಜಾಗ ಇದರ ಒಂದೂವರೆ ಪಟ್ಟು.

ಟ್ಯಾಲಿ ಕಥೆ ಬೇರೆ. ಡೇಬುಕ್ (ದಿನದ ಎಂಟ್ರಿಗಳ ಪಟ್ಟಿ) ಪೂರ್ತಿ ಸ್ಕ್ರೀನಿಗೆ ಹಾಕಿದ್ರೆ ಪಾರ್ಟಿ ಹೆಸರು ಎಡ ತುದೀಲಿ, ಮೊತ್ತ ಬಲ ತುದೀಲಿ, ಮಧ್ಯೆ ಹೈಸ್ಕೂಲ್ ಮೈದಾನ. ಹೆಸರು ನೋಡಿ ಮೊತ್ತಕ್ಕೆ ಬರೋಷ್ಟರಲ್ಲಿ ಸಾಲು ತಪ್ಪುತ್ತೆ. ಅಲ್ಟ್ರಾವೈಡಲ್ಲಿ ಮ್ಯಾಕ್ಸಿಮೈಸ್ ಅನ್ನೋ ಬಟನ್ನನ್ನೇ ಮರೀಬೇಕು. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದ್ರೆ ಮೂರು ಭಾಗ ಮಾಡೋ ಆಯ್ಕೆ ಬರುತ್ತೆ, ನನಗೆ ಅದು ಸಾಲಲಿಲ್ಲ, ಮೈಕ್ರೋಸಾಫ್ಟ್ ಪವರ್‌ಟಾಯ್ಸ್‌ನಲ್ಲಿ ಫ್ಯಾನ್ಸಿಝೋನ್ಸ್ ಅಂತ ಇದೆ, ಫ್ರೀ, ಅದ್ರಲ್ಲಿ ಮಧ್ಯ ಅರ್ಧ ಎಕ್ಸೆಲ್, ಎರಡೂ ಬದಿ ಕಾಲುಕಾಲು ಅಂತ ಗೆರೆ ಹಾಕ್ಕೊಂಡಿದೀನಿ. ಎರಡು ಮಾನಿಟರಲ್ಲಿ ಈ ಯಾವ ತಲೆನೋವೂ ಇರ್ಲಿಲ್ಲ, ಎಳೆದು ಹಾಕಿ ಮ್ಯಾಕ್ಸಿಮೈಸ್ ಮಾಡಿದ್ರೆ ಮುಗೀತು.

ನಿಜವಾದ ತೊಂದ್ರೆ ಬಂದಿದ್ದು ಕ್ಲೈಂಟ್ ಎದುರಿಗೆ. ಬಟ್ಟೆ ಅಂಗಡಿಯವರೊಬ್ರು ಬಂದು "ಏನ್ ಸಾರ್, ಆಫೀಸಿಗೇ ಟಿವಿ ತಂದಿಟ್ಟೀರಲ್ಲ" ಅಂತ ನಕ್ಕು ಕೂತ್ರು. ಅವರಿಗೆ ಅವರ ಲೆಕ್ಕ ತೋರಿಸ್ಬೇಕು. ಹಿಂದೆ ಎರಡನೇ ಮಾನಿಟರ್ ಅವರ ಕಡೆ ತಿರುಗಿಸಿದ್ರೆ ಆಗ್ತಿತ್ತು, ಈಗ ಈ ತಟ್ಟಿ ತಿರುಗಿಸಿದ್ರೆ ನಂಗೇ ಕಾಣಲ್ಲ, ಜೊತೆಗೆ ಪಕ್ಕದಲ್ಲಿ ತೆಗೆದಿಟ್ಟ ಅವರ ಎದುರು ಅಂಗಡಿಯವರ ಟರ್ನೋವರ್ ಅವರ ಕಣ್ಣಿಗೆ! ಗಡಿಬಿಡಿಲಿ ಎಲ್ಲಾ ಮಿನಿಮೈಸ್ ಮಾಡ್ದೆ. ಆನ್‌ಲೈನ್ ಮೀಟಿಂಗಲ್ಲೂ ಅಷ್ಟೇ, ಪೂರ್ತಿ ಸ್ಕ್ರೀನ್ ಶೇರ್ ಮಾಡಿದ್ರೆ ಆ ಕಡೆ ಮೊಬೈಲಲ್ಲಿ ನೋಡೋರಿಗೆ ಅಕ್ಷರ ಇರುವೆ ಸಾಲು, ಒಂದೇ ವಿಂಡೋ ಶೇರ್ ಮಾಡೋದು ರೂಢಿ ಮಾಡ್ಕೋಬೇಕಾಯ್ತು.

ಒಂದು ಸಲ 19ನೇ ತಾರೀಕು ಸಂಜೆ ಕರೆಂಟ್ ಹೋಗಿ ಬಂದ್ಮೇಲೆ ಮಾನಿಟರ್ ಆನ್ ಆಗ್ಲಿಲ್ಲ. ಹತ್ತು ನಿಮಿಷ ಪ್ಲಗ್ ತೆಗೆದು ಹಾಕಿದ್ಮೇಲೆ ಬಂತು ಅನ್ನಿ, ಆ ಹತ್ತು ನಿಮಿಷ ನನ್ನ ಆಫೀಸೇ ಇರ್ಲಿಲ್ಲ. ಎರಡಿದ್ರೆ ಒಂದು ಕೈಕೊಟ್ರೂ ಇನ್ನೊಂದರಲ್ಲಿ ಕುಂಟ್ಕೊಂಡು ರಿಟರ್ನ್ ಹಾಕ್ಬಹುದು.

ಮಾರನೇ ವಾರ ಅಟ್ಟದ ಮೇಲಿದ್ದ ಹಳೇ 22 ಇಂಚಿನದೊಂದನ್ನ ಇಳಿಸಿ ಎಡಗಡೆ ಬೇರೆ ಆರ್ಮಿಗೆ ಹಾಕ್ದೆ. ಅದೃಷ್ಟ ಏನಂದ್ರೆ ಇಂಚಿಗೆ ಪಿಕ್ಸೆಲ್ ಲೆಕ್ಕದಲ್ಲಿ ಎರಡೂ ಹತ್ತಿರಹತ್ತಿರ, ಅದು 100ರ ಆಸುಪಾಸು, ಇದು 110, ಹಂಗಾಗಿ ವಿಂಡೋ ಆಚೆಗೆ ಎಳೆದ್ರೆ ಅಕ್ಷರ ದಿಢೀರ್ ಅಂತ ದೊಡ್ಡದಾಗಲ್ಲ. 27 ಇಂಚು 4ಕೆ ಪಕ್ಕ 24 ಇಂಚು ಫುಲ್ ಎಚ್‌ಡಿ ಇಟ್ಟಿರೋ ಗೆಳೆಯನ ಟೇಬಲಲ್ಲಿ ಆ ಹಿಂಸೆ ನೋಡಿದೀನಿ. ನನ್ನ ಹತ್ರ ಎಂಟ್ರಿ ಮಾಡೋ ಹುಡುಗಿಗೆ ಮಾತ್ರ ಅಲ್ಟ್ರಾವೈಡ್ ಕೊಡಿಸ್ಲಿಲ್ಲ, ಎರಡು 24 ಇಂಚು, ಒಂದು ನಿಲ್ಲಿಸಿದ್ದು ಒಂದು ಮಲಗಿಸಿದ್ದು. ಸ್ಕ್ಯಾನ್ ಮಾಡಿದ ಬಿಲ್ ನಿಂತ ಸ್ಕ್ರೀನಲ್ಲಿ ಪೂರ್ತಿ ಕಾಣುತ್ತೆ, ಪಕ್ಕದಲ್ಲಿ ಟ್ಯಾಲಿ, ಆ ಕೆಲಸಕ್ಕೆ ಅದೇ ಸರಿ.

ಈಗ ಯಾರಾದ್ರೂ ಬಂದು ಕೂತ್ರೆ 22ನ್ನ ಅವರ ಕಡೆ ತಿರುಗಿಸಿ ಅವರ ಒಬ್ಬರದ್ದೇ 2ಬಿ ಹಾಕ್ತೀನಿ. ಮೊನ್ನೆ ಅದೇ ಬಟ್ಟೆ ಅಂಗಡಿಯವರು ನೋಡ್ತಾ ನೋಡ್ತಾ "ಅರೆ, ಸೂರತ್ ಪಾರ್ಟಿ ಬಿಲ್ಲೇ ಇಲ್ವಲ್ಲ ಇದ್ರಲ್ಲಿ" ಅಂದವರೇ ಅಲ್ಲೇ ಫೋನ್ ತೆಗೆದು ಹಿಂದೀಲಿ ಜಗಳ ಶುರು ಮಾಡಿದ್ರು. ನಾನು ಈ ಕಡೆ ತಿರುಗಿ ಬೇರೆಯವರ ಶೀಟ್ ಮುಂದುವರಿಸ್ದೆ.