ಗದ್ದೆಯ ಕೆಳತುದಿಗೆ ಬೆಳಕು ಮುಟ್ಟಿಸಿದ್ದು: ದೂರದ ಟಾರ್ಚ್ ಆಯ್ದುಕೊಂಡ ನನ್ನ ಅನುಭವ

ನಮ್ಮದು ಮಲೆನಾಡಿನ ಉದ್ದನೆಯ ಗದ್ದೆ. ಎರಡು ಗುಡ್ಡಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುತ್ತದೆ. ಕೆಳತುದಿ ಕಾಡಿಗೆ ತಾಗಿಕೊಂಡಿದೆ. ಭತ್ತ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಬರುವುದು ಆ ತುದಿಯಿಂದಲೇ. ಒಂದು ರಾತ್ರಿ ಕಾಯುವುದು ಬಿಟ್ಟರೆ ಸಾಕು, ಹಿಂಡು ಬಂದು ಎರಡು ಮಡಿ ನೆಲಸಮ ಮಾಡಿ ಹೋಗುತ್ತದೆ. ತಿಂದದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಜಾಸ್ತಿ.

ಅಪ್ಪನ ಕಾಲದಲ್ಲಿ ಮೂರು ಶೆಲ್ಲಿನ ಸ್ಟೀಲ್ ಬ್ಯಾಟರಿ ಇತ್ತು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೇಳುವುದು. ತಲೆ ತಿರುಗಿಸಿದರೆ ಬೆಳಕು ಒಂದೇ ಕಡೆ ಕೂಡುತ್ತಿತ್ತು. ಶೆಲ್ ಸೋತರೆ ಅಪ್ಪ ಅದನ್ನು ಅಂಗಳದ ಬಿಸಿಲಿಗೆ ಇಟ್ಟು ಇನ್ನೆರಡು ರಾತ್ರಿ ಓಡಿಸುತ್ತಿದ್ದರು. ಆ ಹಳದಿ ಬೆಳಕು ಕೆಳತುದಿಯವರೆಗೆ ಎಂದೂ ಹೋಗಲಿಲ್ಲ. ಅದಕ್ಕೇ ಕೂಗು, ಡಬ್ಬ ಬಡಿಯುವುದು ಎಲ್ಲ ಬೇಕಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ನಾನು ಆನ್‌ಲೈನ್‌ನಲ್ಲಿ ಒಂದು ಟಾರ್ಚ್ ತರಿಸಿದೆ. ಪೆಟ್ಟಿಗೆ ಮೇಲೆ 2 ಕಿಲೋಮೀಟರ್ ಅಂತಲೂ 10,000 ಲುಮೆನ್ ಅಂತಲೂ ಬರೆದಿತ್ತು. ಅಂಗಳದಲ್ಲಿ ಹಚ್ಚಿದಾಗ ಹಗಲಾದ ಹಾಗೆ ಕಂಡಿತು. ಹತ್ತಿರದ ಅಡಿಕೆ ಮರಗಳೆಲ್ಲ ಬೆಳ್ಳಗೆ ಎದ್ದು ನಿಂತವು. ಅದೇ ರಾತ್ರಿ ಎರಡು ಗಂಟೆಗೆ ಕೆಳಗಿನಿಂದ ಗುಟುರು ಕೇಳಿ ಓಡಿದೆ. ಬೆಳಕು ಅರ್ಧ ಗದ್ದೆಗೇ ಮುಗಿಯಿತು. ಅದರಾಚೆ ಬರೀ ಕತ್ತಲು, ಆ ಕತ್ತಲಿನೊಳಗೆ ಹುಲ್ಲು ಮುರಿಯುವ ಸದ್ದು. ಬೆಳಗ್ಗೆ ಹೋಗಿ ನೋಡಿದರೆ ಕೆಳಗಿನ ಮಡಿ ಚಾಪೆ ಹಾಸಿದ ಹಾಗೆ ಮಲಗಿತ್ತು. ಆ ಸಿಟ್ಟಿನಲ್ಲೇ ನಾನು ಈ ವಿಷಯ ಕಲಿಯಲು ಕೂತದ್ದು.

ಮೊದಲು ತಿಳಿದದ್ದು ಇದು. ಲುಮೆನ್ ಅಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಎಷ್ಟು ದೂರ ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುತ್ತೇವಲ್ಲ, ನೀರು ಅಷ್ಟೇ ಇದ್ದರೂ ದೂರ ಚಿಮ್ಮುತ್ತದೆ. ಬೆಳಕಿಗೂ ಹಾಗೇ. ಒಂದೇ ದಿಕ್ಕಿಗೆ ಅದು ಎಷ್ಟು ಗಟ್ಟಿಯಾಗಿ ಹೋಗುತ್ತದೆ ಅನ್ನುವುದರ ಅಳತೆ ಕ್ಯಾಂಡೆಲಾ. ದೂರದ ಬೆಳಕು ಬೇಕಾದವರು ಪೆಟ್ಟಿಗೆಯ ಮೇಲೆ ಹುಡುಕಬೇಕಾದ ಸಂಖ್ಯೆ ಅದೇ.

ಟಾರ್ಚುಗಳನ್ನು ಅಳೆಯುವುದಕ್ಕೆ 2009ರಲ್ಲಿ ಅಮೆರಿಕದಲ್ಲಿ ಒಂದು ಮಾನದಂಡ ಬಂತು. ಆನ್ಸಿ ಎಫ್ಎಲ್1 ಅಂತ ಹೆಸರು. ಬೆಳಕು ತೆಳುವಾಗುತ್ತಾ ಹೋಗಿ 0.25 ಲಕ್ಸ್‌ಗೆ ಇಳಿಯುವ ಜಾಗವನ್ನೇ ಆ ಟಾರ್ಚಿನ ದೂರ ಅಂತ ಅದರಲ್ಲಿ ಲೆಕ್ಕ ಹಿಡಿಯುತ್ತಾರೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. 0.25 ಲಕ್ಸ್ ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಲೆಕ್ಕ ಸುಲಭ. ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ. 10,000 ಕ್ಯಾಂಡೆಲಾಕ್ಕೆ 200 ಮೀಟರ್. 40,000ಕ್ಕೆ 400 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟು ಬೇಕು. 2 ಕಿಲೋಮೀಟರ್‌ಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದೆ. ಹತ್ತು ಲಕ್ಷ ಕ್ಯಾಂಡೆಲಾ! ನನ್ನ ಆ ಟಾರ್ಚಿನ ತಲೆ ಕಾಫಿ ಲೋಟದಷ್ಟೂ ಅಗಲ ಇರಲಿಲ್ಲ.

ಇದನ್ನು ಮನೆಯಲ್ಲೇ ಅಳೆಯಬಹುದು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ. ರಾತ್ರಿ ಜಗಲಿಯ ದೀಪ ಆರಿಸಿ, ಟಾರ್ಚನ್ನು ಮಣೆಯ ಮೇಲೆ ಕೂರಿಸಿ, ಸರಿಯಾಗಿ 10 ಮೀಟರ್ ಆಚೆ ಮೊಬೈಲ್ ಹಿಡಿದೆ. ಬೆಳಕಿನ ನಡುಬಿಂದು ಸೆನ್ಸರಿನ ಮೇಲೆ ಬೀಳುವ ಹಾಗೆ ಅತ್ತಿತ್ತ ಸರಿಸಿ ಅತಿ ಜಾಸ್ತಿ ಬಂದ ಸಂಖ್ಯೆ ಬರೆದುಕೊಂಡೆ. 62 ಲಕ್ಸ್. ಅದನ್ನು ದೂರದ ವರ್ಗದಿಂದ, ಅಂದರೆ ಹತ್ತು ಹತ್ತಲಿ ನೂರರಿಂದ, ಗುಣಿಸಿದರೆ 6,200 ಕ್ಯಾಂಡೆಲಾ. ಅಂದರೆ ದೂರ ಸುಮಾರು 157 ಮೀಟರ್. ಅದೂ ಬೆಳದಿಂಗಳಿನಷ್ಟು ಬೆಳಕಿಗೆ. ಮೊಬೈಲಿನ ಅಳತೆ ಪೂರ್ತಿ ಕರಾರುವಾಕ್ಕಲ್ಲ. ಆದರೆ ಎರಡು ಟಾರ್ಚುಗಳನ್ನು ಹೋಲಿಸುವುದಕ್ಕೆ ಧಾರಾಳ ಸಾಕು.

ಆಮೇಲೆ ಗದ್ದೆ ಅಳೆದೆ. ಇದನ್ನು ಮೊದಲೇ ಮಾಡಬೇಕಿತ್ತು. ಅಂಗಳದಿಂದ ಕೆಳತುದಿಗೆ 280 ಮೀಟರ್. ನಡುವಿನ ದಿಬ್ಬದ ಮೇಲೆ ನಮ್ಮ ಮಾಳ, ಅಂದರೆ ಕಾವಲು ಗುಡಿಸಲು ಇದೆ, ಸೋಗೆ ಹೊದಿಸಿದ್ದು. ಅಲ್ಲಿಂದಾದರೆ 150 ಮೀಟರ್. ಬೆಳದಿಂಗಳಿನಷ್ಟು ಬೆಳಕಿನಲ್ಲಿ ಏನೋ ಅಲ್ಲಾಡಿದ್ದು ಗೊತ್ತಾಗಬಹುದು, ಅದು ಏನು ಅಂತ ಗೊತ್ತಾಗುವುದಿಲ್ಲ. ಬರೆದ ದೂರದ ಮೂರನೇ ಒಂದು ಭಾಗಕ್ಕೆ ಮಾತ್ರ ಕಣ್ಣು ಸ್ಪಷ್ಟವಾಗಿ ಗುರುತು ಹಿಡಿಯುತ್ತದೆ ಅಂತ ನಾನು ಹಿಡಿದುಕೊಂಡೆ. ಮಾಳದಿಂದ ನೋಡುವುದಾದರೆ 450 ಮೀಟರಿನ ಟಾರ್ಚ್ ಬೇಕು. ಅಂಗಳದಿಂದಲೇ ನೋಡಬೇಕಾದರೆ 840 ಮೀಟರ್. ಅಷ್ಟು ಎಸೆಯುವ ಟಾರ್ಚಿನ ತಲೆಯೂ ದೊಡ್ಡದು, ತೂಕವೂ ಬೆಲೆಯೂ ಜಾಸ್ತಿ. ನಾನು ಮಾಳಕ್ಕೆ ನಡೆಯುವುದು ಅಂತ ತೀರ್ಮಾನ ಮಾಡಿದೆ.

ಹಂದಿಯ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ನರಿ, ಕಾಡುಬೆಕ್ಕು, ಕಾಡುಕುರಿ, ದನ ಇವುಗಳ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸಿ ಕಳಿಸುವ ಪದರ ಇರುತ್ತದೆ. ಸಣ್ಣ ಟಾರ್ಚ್ ಬಿಟ್ಟರೂ ದೂರದಿಂದ ಕಣ್ಣು ಫಳಫಳ ಹೊಳೆಯುತ್ತದೆ. ಹಂದಿಗೆ ಆ ಪದರ ಇಲ್ಲ. ಅದರ ಕಣ್ಣು ನಂಬಿಕೊಂಡು ಕೂತರೆ ಕೆಟ್ಟಿರಿ. ಕಪ್ಪು ಮೈಯೇ ಕಾಣಬೇಕು, ಅದಕ್ಕೆ ಬೆಳಕು ಗಟ್ಟಿಯಾಗಿ ಬೀಳಬೇಕು. ಹಂದಿ ಕಾಯುವವರಿಗೆ ಕ್ಯಾಂಡೆಲಾ ಜಾಸ್ತಿಯೇ ಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಆಮೇಲೆ ಟಾರ್ಚಿನ ತಲೆ. ಮುಂದೆ ಹಿಂದೆ ಎಳೆಯುವ ಜೂಮ್ ಟಾರ್ಚುಗಳು ಪೇಟೆಯಲ್ಲಿ ತುಂಬ ಇವೆ. ಎಳೆದು ಗೋಡೆಗೆ ಬಿಟ್ಟರೆ ಎಲ್ಇಡಿಯ ಚೌಕವೇ ಗೋಡೆಯ ಮೇಲೆ ಮೂಡುತ್ತದೆ. ನೋಡಲು ಚೂಪಾಗಿ ಕಂಡರೂ ಪಕ್ಕಕ್ಕೆ ಹೋಗುವ ಬೆಳಕು ಒಳಗೇ ಹಾಳಾಗುತ್ತದೆ. ಚೌಕದ ಸುತ್ತ ಪೂರ್ತಿ ಕತ್ತಲು. ಬದುವಿನ ಮೇಲೆ ನಡೆಯುವವನಿಗೆ ಅದು ಅಪಾಯ. ನನಗೆ ಆಳವಾದ ರಿಫ್ಲೆಕ್ಟರ್ ಇರುವುದೇ ಸರಿ ಅನ್ನಿಸಿತು. ಒಳಗೋಡೆ ಕನ್ನಡಿಯ ಹಾಗೆ ನುಣುಪಾಗಿದ್ದರೆ ಬೆಳಕು ದೂರ ಹೋಗುತ್ತದೆ. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಇದ್ದರೆ ಹತ್ತಿರದಲ್ಲೇ ಹರಡುತ್ತದೆ. ತಲೆ ಅಗಲ, ಎಲ್ಇಡಿ ಚಿಕ್ಕದು ಆದಷ್ಟೂ ದೂರ ಜಾಸ್ತಿ. ನಡುವಿನ ಗಟ್ಟಿ ಬೆಳಕಿನ ಸುತ್ತ ತೆಳುವಾದ ಬೆಳಕೂ ಬೀಳುವುದರಿಂದ ಕಾಲಬುಡವೂ ಕಾಣುತ್ತದೆ.

ಶೆಲ್ಲಿನ ವಿಷಯದಲ್ಲಿ ಮೋಸ ಜಾಸ್ತಿ. ಹಳೆಯ ಟಾರ್ಚಿನದು 18650 ಅನ್ನುವ ಶೆಲ್, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಮೇಲೆ 9900 ಎಂಎಎಚ್ ಅಂತ ಅಚ್ಚಾಗಿತ್ತು, ಅದು ಶೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಆ ಗಾತ್ರದ ಶೆಲ್ಲಿಗೆ ಸಾಮಾನ್ಯವಾಗಿ 3500ರ ಆಸುಪಾಸಿಗಿಂತ ಮೇಲೆ ಹಿಡಿಯುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ, 33 ಗ್ರಾಂ. ಒಳ್ಳೆಯ 18650 ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. ತೂಗಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ, ದಯವಿಟ್ಟು ತೂಗಿ. ಈಗಿನದಕ್ಕೆ 21700 ಶೆಲ್ ಇರುವುದನ್ನೇ ಆರಿಸಿದೆ. ಸ್ವಲ್ಪ ದಪ್ಪ, 5000 ಎಂಎಎಚ್ ನಿಜವಾಗಿಯೂ ಹಿಡಿಯುತ್ತದೆ.

ಕೊನೆಗೆ ತಂದದ್ದು 60,000 ಕ್ಯಾಂಡೆಲಾ ಅಂತ ಬರೆದ ಒಂದು ಟಾರ್ಚ್. ನನ್ನ ಜಗಲಿಯ ಅಳತೆಯಲ್ಲಿ 510 ಲಕ್ಸ್ ಬಂತು, ಅಂದರೆ 450 ಮೀಟರ್. ಲುಮೆನ್ ಬರೀ ಸಾವಿರದಷ್ಟು. ನೀರು ತಡೆಯುವ ದರ್ಜೆ ಐಪಿಎಕ್ಸ್8 ಇದೆ. ನಮ್ಮ ಮಳೆಗೆ ಐಪಿಎಕ್ಸ್4 ಸಾಲುವುದಿಲ್ಲ, ಅದು ಹನಿ ಸಿಡಿದರೆ ತಡೆಯುವುದಕ್ಕೆ ಅಷ್ಟೇ. ಕೆಸರುಗದ್ದೆಗೆ ಬಿದ್ದರೂ ಉಳಿಯಬೇಕಾದರೆ 7 ಅಥವಾ 8 ಇರಲಿ. ಬೆಳಕಿನ ಬಣ್ಣ ನೀಲಿ ಬಿಳಿ ಬೇಡ ಅಂತ 5000 ಕೆಲ್ವಿನ್‌ನದು ಕೇಳಿ ತಗೊಂಡೆ. ಹಣ್ಣಾದ ಭತ್ತದ ನಡುವೆ ಹಂದಿಯ ಮೈ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ.

ಗುಂಡಿ ಒತ್ತುವ ಕ್ರಮವನ್ನೂ ನೋಡಿಕೊಳ್ಳಿ. ಹಳೆಯದರಲ್ಲಿ ಬೆಳಕು ತಗ್ಗಿಸಲು ಹೋದರೆ ಮಿಣಮಿಣ ಹೊಡೆಯುವ ಮೋಡ್ ಬರುತ್ತಿತ್ತು. ಕತ್ತಲಿಗೆ ಹೊಂದಿದ ಕಣ್ಣಿಗೆ ಅದು ದೊಡ್ಡ ಹಿಂಸೆ. ಹೊಸದರಲ್ಲಿ ಅದನ್ನು ಬೇರೆ ಇಟ್ಟಿದ್ದಾರೆ, ಗುಂಡಿಗೆ ಬೀಗವೂ ಇದೆ. ಒಮ್ಮೆ ಬೀಗ ಹಾಕುವುದು ಮರೆತು ಜರ್ಕಿನ್ ಜೇಬಿಗೆ ಇಳಿಸಿದ್ದೆ. ಸುಟ್ಟ ವಾಸನೆ ಬಂದು ನೋಡಿದರೆ ಜೇಬಿನ ಬಟ್ಟೆ ಕರಗಿ ಅಂಟಿಕೊಂಡಿತ್ತು. ಪೂರ್ತಿ ಬೆಳಕಿನಲ್ಲಿ ಅಷ್ಟು ಬಿಸಿಯಾಗುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಬೆಳಕು ತಾನಾಗಿ ಸ್ವಲ್ಪ ತಗ್ಗುವುದೂ ಬಿಸಿಗೇ, ಕೆಟ್ಟಿದೆ ಅಂತ ಹೆದರಬೇಡಿ.

ಮಂಜಿಗೆ ಮಾತ್ರ ಯಾವ ಟಾರ್ಚೂ ಪೂರ್ತಿ ಉತ್ತರ ಅಲ್ಲ. ನವೆಂಬರಿನ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕಣಿವೆಯಲ್ಲಿ ಮಂಜು ಕೂತರೆ ಬೆಳಕು ಎದುರಿಗೇ ಬಿಳಿ ಗೋಡೆ ಕಟ್ಟುತ್ತದೆ. ಟಾರ್ಚನ್ನು ಕಣ್ಣಿನ ಸಮ ಹಿಡಿಯದೆ, ಸೊಂಟಕ್ಕಿಂತ ಕೆಳಗೆ, ಮೈಯಿಂದ ಪಕ್ಕಕ್ಕೆ ಚಾಚಿ ಹಿಡಿದರೆ ಎಷ್ಟೋ ವಾಸಿ. ತಲೆಗೆ ಕಟ್ಟುವ ದೀಪ ಆ ಹೊತ್ತಿಗೆ ಸುಮ್ನೆ.

ಹೋದ ವರ್ಷ ದೀಪಾವಳಿ ಕಳೆದು ನಾಲ್ಕನೇ ರಾತ್ರಿ ಮಾಳದಲ್ಲಿದ್ದೆ. ಕೆಳಗೆ ಸದ್ದಾಯಿತು. ಗುಂಡಿ ಒತ್ತಿದೆ. ಕೊನೆಯ ಬದುವಿನ ಮೇಲೆ ಮೂರು ದೊಡ್ಡವು, ಹಿಂದೆ ಗೆರೆ ಗೆರೆ ಮೈಯ ಮರಿಗಳು. ಮರಿಯ ಗೆರೆಯೂ ಕಂಡಿತು ಅಂದರೆ ನೋಡಿ! ಬೆಳಕು ಮುಖಕ್ಕೆ ಬೀಳುತ್ತಿದ್ದ ಹಾಗೆ ಮುಂದಿನದು ನಿಂತಿತು, ಮೂತಿ ಎತ್ತಿತು, ತಿರುಗಿ ಕಾಡಿಗೆ ಇಳಿಯಿತು. ಉಳಿದವೂ ಹಿಂದೆಯೇ ಹೋದವು. ನಾನು ಕೂಗಲೂ ಇಲ್ಲ. ಅವು ಆ ವಾರದಲ್ಲಿ ಮತ್ತೆ ಎರಡು ಸಲ ಬಂದವು, ಬೆಳಕಿಗೆ ಅಭ್ಯಾಸ ಆಗುತ್ತವೆ. ಆದರೆ ಬದು ದಾಟುವ ಮೊದಲೇ ಕಂಡದ್ದರಿಂದ ಎದ್ದು ಹೋಗಿ ಓಡಿಸಲು ಸಮಯ ಸಿಕ್ಕಿತು.

ಅದೇ ರಾತ್ರಿ ಮನೆಗೆ ವಾಪಸು ಬರುವಾಗ ಬೆಳಕನ್ನು ಸಣ್ಣದು ಮಾಡಿಕೊಂಡಿದ್ದೆ. ಬದುವಿನ ಮೇಲೆ ಎರಡು ಹೆಜ್ಜೆ ಮುಂದೆ ಕಟ್ಟುಹಾವು ನಿಧಾನವಾಗಿ ದಾಟುತ್ತಿತ್ತು. ಅದು ನೀರಿಗೆ ಇಳಿಯುವವರೆಗೆ ನಿಂತೇ ಇದ್ದೆ.

ಕೊಯ್ಲು ಮುಗಿದ ಮೇಲೆ ಹಿಂಬದಿಯ ಮುಚ್ಚಳ ಬಿಚ್ಚಿ, ರಬ್ಬರ್ ರಿಂಗಿನ ಕೆಸರು ಒರೆಸಿ, ಒಂದು ಚಿಟಿಕೆ ಸಿಲಿಕೋನ್ ಗ್ರೀಸ್ ಹಚ್ಚಿದೆ. ಶೆಲ್ ಹೊರತೆಗೆದು ಅರ್ಧ ಚಾರ್ಜಿನಲ್ಲಿ ಡಬ್ಬಿಗೆ ಹಾಕಿಟ್ಟಿದ್ದೇನೆ, ಇನ್ನು ಹೊರಬರುವುದು ಅಕ್ಟೋಬರಿಗೆ.