ಎರಡು ವೆಸ್ಟ್‌ಗಳನ್ನು ಬೇರೆ ಮಾಡಿಸಿದ ನನ್ನ ಅನುಭವ

ಬನಿಯನ್ ಎಂಬರ್ಥದ ವೆಸ್ಟ್ ಇಂಗ್ಲಿಷಿನ ‘ವಿ’ಯಿಂದ ಶುರುವಾಗುತ್ತದೆ, ಪಶ್ಚಿಮ ಎಂಬರ್ಥದ್ದು ‘ಡಬ್ಲ್ಯೂ’ವಿನಿಂದ. ನಮ್ಮಲ್ಲಿ ಎರಡಕ್ಕೂ ಒಂದೇ ವಕಾರ. ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಉಚ್ಚಾರಣೆ ಕಲಿಸುವ ನಮ್ಮ ಕಸುಬಿನವರಲ್ಲಿ ಅನೇಕರು, ಸಂದರ್ಭದಿಂದ ಅರ್ಥವಾಗುತ್ತದೆ ಬಿಡಿ ಎಂದು ಈ ಜೋಡಿಯನ್ನು ಕೈಬಿಟ್ಟಿದ್ದಾರೆ. ಆದರೆ ಫೋನಿನಲ್ಲಿ ವಿಳಾಸ ಓದಿ ಹೇಳುವಾಗ ಸಂದರ್ಭ ಎಲ್ಲಿಂದ ಬರಬೇಕು? ದ್ರಾಕ್ಷಿಬಳ್ಳಿಯ ಹೆಸರಿನ ವೈನ್ ಸ್ಟ್ರೀಟ್ ಫಿಲಡೆಲ್ಫಿಯಾದಲ್ಲೂ ಇದೆ, ಸಿನ್ಸಿನಾಟಿಯಲ್ಲೂ ಇದೆ. ನಮ್ಮ ಹುಡುಗರ ಬಾಯಲ್ಲಿ ಅದು ಹೆಂಡದ ಬೀದಿಯಾಗಿ ಕೇಳಿಸುತ್ತದೆ.

ಎಲ್ಲರೂ ಹೇಳಿಕೊಡುವ ‘ವಿಗೆ ತುಟಿ ಕಚ್ಚಿ, ಡಬ್ಲ್ಯೂಗೆ ತುಟಿ ದುಂಡಗೆ ಮಾಡಿ’ ಎಂಬ ಪಾಠ ನನ್ನ ತರಗತಿಗಳಲ್ಲಿ ನಿಲ್ಲಲಿಲ್ಲ. ಮೂರನೆಯ ದಿನದ ಹೊತ್ತಿಗೆ ವಾಟರಿಗೂ ವಿಂಡೋಗೂ ಎಲ್ಲರೂ ತುಟಿ ಕಚ್ಚತೊಡಗುತ್ತಿದ್ದರು. ವರ್ಷಕ್ಕೆ ಒಂಬತ್ತು ಸಾವಿರದಷ್ಟು ಚಂದಾ ಕಟ್ಟಿ ತರಿಸಿದ ಆ್ಯಪ್ ನಮ್ಮ ವಕಾರವನ್ನು ಒಮ್ಮೆ ವಿ ಎಂದೂ ಮತ್ತೊಮ್ಮೆ ಡಬ್ಲ್ಯೂ ಎಂದೂ ಒಪ್ಪಿಕೊಳ್ಳುತ್ತಿತ್ತು. ಅದು ಸಹಜವೇ, ಏಕೆಂದರೆ ಕನ್ನಡದ ವಕಾರದಲ್ಲಿ ಕೆಳದುಟಿ ಹಲ್ಲಿನ ಹತ್ತಿರ ಹೋಗುತ್ತದೆಯೇ ಹೊರತು ಗಾಳಿ ಉಜ್ಜುವಷ್ಟು ಒತ್ತುವುದಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ‘ಒಂದು’ ಎಂಬಲ್ಲಿ. ಮಾತಿನ ಭರದಲ್ಲಿ ನಾವು ಅದನ್ನು ‘ವೊಂದು’ ಎನ್ನುತ್ತೇವೆ, ಆಗ ತುಟಿ ತಾನಾಗಿಯೇ ದುಂಡಗಾಗುತ್ತದೆ, ಹಲ್ಲಿನ ಗೊಡವೆಗೇ ಹೋಗುವುದಿಲ್ಲ. ಒಂದು, ಒಂಬತ್ತು, ಒಗ್ಗರಣೆ ಎಂದು ಹೇಳಿಸಿ, ಅದೇ ತುಟಿಯಲ್ಲಿ ‘ಉ-ಎಸ್ಟ್’ ಎಂದು ಎರಡು ತುಂಡಾಗಿ ಎಳೆಸಿ, ಆಮೇಲೆ ಉಕಾರವನ್ನು ಕುಗ್ಗಿಸುತ್ತಾ ಬರುತ್ತೇನೆ. ವಿಗೆ ‘ಕಾಫಿ’ಯ ಫಕಾರವನ್ನು ಹಿಡಿದು ನಿಲ್ಲಿಸಿ, ಗಂಟಲ ಮೇಲೆ ಬೆರಳಿಟ್ಟು ಗುಂಯ್‌ಗುಡಿಸುವುದು. ಕಾಫಿಯನ್ನು ‘ಕಾಪಿ’ ಎನ್ನುವವರಿಗೆ ಇನ್ನೊಂದು ವಾರ ಬೇಕಾಗುತ್ತದೆ. ಇದಕ್ಕೆ ತಗುಲಿದ ಖರ್ಚೆಂದರೆ ಮೂವತ್ತು ಕೈಗನ್ನಡಿಗಳಿಗೆ ಕೊಟ್ಟ ಸಾವಿರ ರೂಪಾಯಿಯೊಳಗಿನ ಹಣ.

ನಡುವೆ, ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ, ಮಾತಿನ ದನಿಯನ್ನು ಪರದೆಯ ಮೇಲೆ ಚಿತ್ರವಾಗಿ ಬಿಡಿಸಿ ತೋರಿಸುವ ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲೂ ಕೆಲವು ಧ್ವನಿಮುದ್ರಣಗಳನ್ನು ಹಾಕಿ ನೋಡಿದೆ. ಸರಿಯಾದ ಡಬ್ಲ್ಯೂವಿನಲ್ಲಿ ಎರಡನೆಯ ಫಾರ್ಮೆಂಟ್, ಅಂದರೆ ಬಾಯಿಯ ಆಕಾರಕ್ಕೆ ತಕ್ಕಂತೆ ದನಿಯಲ್ಲಿ ಬಲಗೊಳ್ಳುವ ಕಂಪನಗಳ ಪಟ್ಟಿಗಳಲ್ಲಿ ಕೆಳಗಿನಿಂದ ಎರಡನೆಯದು, ಸುಮಾರು 700 ಹರ್ಟ್ಸ್ ಆಸುಪಾಸಿನಿಂದ ಮೇಲಕ್ಕೆ ಕಡಿದಾಗಿ ಏರುತ್ತದೆ. ನಮ್ಮ ವಕಾರದಲ್ಲಿ ಅದು ಅಷ್ಟು ಕೆಳಗಿಳಿಯುವುದೇ ಇಲ್ಲ. ನನಗೆ ಇದು ಬಹಳ ರುಚಿಸಿತು, ಆದರೆ ಕಲಿಯುವವರು ಬಾಯಿಯನ್ನು ಮರೆತು ಪರದೆಯನ್ನೇ ನೋಡುತ್ತಾ ಕುಳಿತದ್ದರಿಂದ ತರಗತಿಯಿಂದ ತೆಗೆದುಹಾಕಿದೆ.

ಪರೀಕ್ಷೆ ಸರಳವಾದದ್ದು: ಒಬ್ಬರು ಬೆನ್ನು ತಿರುಗಿಸಿ ನಿಂತು ಎರಡರಲ್ಲಿ ಒಂದು ವೆಸ್ಟ್ ಹೇಳಬೇಕು, ಬನಿಯನ್ ಎನಿಸಿದರೆ ಉಳಿದವರು ಬಲಗೈ ಎತ್ತಬೇಕು. ಮೊದಲು ಹತ್ತರಲ್ಲಿ ಐದಾರು ಸರಿಬರುತ್ತಿದ್ದವು, ಅಂದರೆ ನಾಣ್ಯ ಚಿಮ್ಮಿದಂತೆ. ಈಗ ಎಂಟಕ್ಕೆ ಕಡಿಮೆಯಾಗುವುದು ಅಪರೂಪ. ಈ ವಿಧಾನವನ್ನು ಕೇಳಿ ನಕ್ಕಿದ್ದ ಸಂಸ್ಥೆಯೊಂದು ಒಂದು ತಂಡಕ್ಕೆ ಹನ್ನೆರಡು ಸಾವಿರ ಕೊಡಲೂ ಚೌಕಾಸಿ ಮಾಡಿತ್ತು. ಈಗ ಹದಿನೆಂಟು ಸಾವಿರಕ್ಕೆ ಅಲ್ಲಿಂದಲೇ ಕರೆ ಬರುತ್ತದೆ.

ಉಣ್ಣೆಯ ವುಲ್, ಮರದ ವುಡ್ ಮುಂತಾದವು ಮಾತ್ರ ಈ ದಾರಿಗೆ ಬಗ್ಗುವುದಿಲ್ಲ, ಏಕೆಂದರೆ ಅಲ್ಲಿ ಮುಂದಿನ ಸ್ವರವೂ ಉಕಾರವೇ ಆದ್ದರಿಂದ ಎರಡೂ ಕೂಡಿ ‘ಉಲ್’ ಆಗಿಬಿಡುತ್ತದೆ. ಅದಕ್ಕೂ ಒಂದು ಉಪಾಯವಿದೆ. ಅದನ್ನು ಸಂಬಳ ಕೊಡುವ ತರಗತಿಗೆಂದು ಇಟ್ಟುಕೊಂಡಿದ್ದೇನೆ.