ಡಯಲ್ ಕಿತ್ತು ಲೇಸ್ ಹಾಕಿಸಿದೆ: ಸೈಕ್ಲಿಂಗ್ ಶೂ ವಿಷಯದಲ್ಲಿ ನನ್ನ ಅನುಭವ

ತಿರುವಿದರೆ ತಂತಿ ಎಳೆದು ಶೂ ಬಿಗಿ ಮಾಡುವ ಡಯಲ್ ನನ್ನ ಸೈಕ್ಲಿಂಗ್ ಶೂನಲ್ಲಿ ಈಗ ಇಲ್ಲ, ಲೇಸ್ ಇದೆ. ಕಂಪನಿಯಿಂದ ಹಾಗೆ ಬಂದದ್ದಲ್ಲ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಕಡೆ ಚಪ್ಪಲಿ ಹೊಲಿಯುವ ಅಣ್ಣನೊಬ್ಬರ ಕೈಲಿ ಮಾಡಿಸಿಕೊಂಡದ್ದು. ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಅದನ್ನೇ ಹಾಕಿದ್ದೇನೆ. ನಂದಿ ಹತ್ತಿದ್ದೇನೆ, 200 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಿದ್ದೇನೆ. ನಮ್ಮ ಗುಂಪಿನಲ್ಲಿ ಶುರುವಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅಣ್ಣಾ, ಅರ್ಧ ಘಾಟೀಲಿ ಬಿಚ್ಕೊಂಡು ಚೈನಿಗೆ ಸಿಕ್ಕಾಕೊಳುತ್ತೆ, ಬಿದ್ದು ಹಲ್ಲು ಮುರ್ಕೊತೀರ" ಅಂದವರೇ ಎಲ್ಲ. ಹಾಗೆ ಅಂದವರಲ್ಲಿ ಇಬ್ಬರು ಈಗ ತಮ್ಮ ಶೂ ತಂದು ನನ್ನ ಮನೆಯಲ್ಲಿ ಇಟ್ಟು ಹೋಗಿದ್ದಾರೆ. ಕೇಳುವವರು ಜಾಸ್ತಿಯಾದ್ದರಿಂದ ಒಂದೇ ಕಡೆ ಬರೆದುಬಿಡೋಣ ಎಂದುಕೊಂಡೆ. ಶೂವನ್ನು ಪೆಡಲಿಗೆ ಕಚ್ಚಿಸುವ, ತಳದಲ್ಲಿರುವ ಕ್ಲೀಟ್ ಎಲ್ಲಿ ಕೂರಬೇಕು, ಪೆಡಲ್ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಬರೆಯುತ್ತೇನೆ.

ಡಯಲ್ ಹೋದದ್ದು ದೂಳಿನಿಂದ. ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ ಕ್ರಷರ್ ಲಾರಿಗಳ ಹಿಂದೆ ಸೈಕಲ್ ತುಳಿದವರಿಗೆ ಆ ದೂಳು ಎಂಥದ್ದೆಂದು ಗೊತ್ತು. ನುಣ್ಣಗಿರುತ್ತದೆ, ಆದರೆ ಕಲ್ಲಿನದು. ಡಯಲಿನ ಹಲ್ಲುಗಳ ನಡುವೆ ಕೂತರೆ ನೀರು ಹಾಕಿ ತೊಳೆದರೂ ಬರುವುದಿಲ್ಲ. ಮೊದಲು ಟಿಕ್ ಟಿಕ್ ಸದ್ದು ಮಂಕಾಯಿತು. ಆಮೇಲೆ ಏರಿನಲ್ಲಿ ನಿಂತು ತುಳಿದಾಗಲೆಲ್ಲ ಒಂದೊಂದು ಹಲ್ಲು ಹಿಂದಕ್ಕೆ ಜಾರತೊಡಗಿತು. ಕೊನೆಗೆ ತಂತಿ ತಿರುಗುವ ಮೂಲೆಯಲ್ಲಿ ಅದರ ಎಳೆಗಳು ಒಂದೊಂದಾಗಿ ಕಿತ್ತು ಬೆರಳಿಗೆ ಚುಚ್ಚಲು ಶುರುವಾದವು. ಗುಡಿಬಂಡೆ ರಸ್ತೆಯಲ್ಲಿ ಬೆಳಿಗ್ಗೆ ತಂತಿ ತುಂಡಾಯಿತು. ಅಲ್ಲಿಂದ ಒಂದು ಕಾಲಿನಲ್ಲಿ ತುಳಿದುಕೊಂಡು ಪೆರೇಸಂದ್ರಕ್ಕೆ ಬಂದು, ಹೆದ್ದಾರಿ ಹಿಡಿದು ಮನೆ ಸೇರಿದೆ.

ಅಮೆರಿಕದಲ್ಲಿ 2001ರಲ್ಲಿ ಶುರುವಾದ ಬೋವಾ ಕಂಪನಿಯ ಡಯಲ್ ಆಗಿದ್ದರೆ ಕಥೆ ಬೇರೆ. ಅವರು ಡಯಲಿಗೂ ತಂತಿಗೂ ಆ ಶೂ ಬಾಳುವಷ್ಟು ಕಾಲ ಗ್ಯಾರಂಟಿ ಕೊಡುತ್ತಾರೆ. ನನ್ನದು ಬೇರೆ ಕಂಪನಿಯ ಡಯಲ್, ಹೆಸರು ಬೇಡ. ಕೊಂಡಾಗ ಸುಮಾರು 11,000 ಕೊಟ್ಟಿದ್ದೆ. ಬಿಡಿಭಾಗ ಕೇಳಿದರೆ ಇಲ್ಲ ಅಂದರು. ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚೆಲ್ಲ ಸೇರಿ ಎರಡೂವರೆ ಸಾವಿರದ ಹತ್ತಿರ ಆಗುತ್ತಿತ್ತು, ಅದೂ ಡಯಲ್ ಕೂರುವ ಕೆಳಗಿನ ತಟ್ಟೆಗೆ ಹೊಂದುತ್ತದೆ ಎಂಬ ಖಾತ್ರಿ ಇಲ್ಲದೆ. ಶೂನ ತಳ ಮಾತ್ರ ಗಟ್ಟಿಮುಟ್ಟಾಗಿತ್ತು, ಕ್ಲೀಟಿನ ಮೂರು ಬೋಲ್ಟೂ ಸರಿಯಾಗಿ ಕಚ್ಚುತ್ತಿದ್ದವು. ತಂತಿ ಒಂದು ಹೋಯಿತೆಂದು 11,000ದ ಶೂ ಎಸೆಯಲು ನನಗೆ ಮನಸ್ಸು ಬರಲಿಲ್ಲ.

ಲೇಸ್ ಅಂದರೆ ಹಳೇ ಕಾಲದ್ದು ಎಂದು ನಗುವವರಿಗೆ ಒಂದು ಮಾತು. 1985ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಇನೋ ಶೂ ಕಚ್ಚಿ ಹಿಡಿಯುವ ಲುಕ್ ಪೆಡಲಿನಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದಮೇಲೆ ಪೆಡಲಿಗೆ ಕಚ್ಚುವ ಕ್ಲೀಟ್ ಹರಡಿತು, ಪಟ್ಟಿ ಬಂತು, ಬಕಲ್ ಬಂತು, ಲೇಸ್ ಮೂಲೆ ಸೇರಿತು, ನಿಜ. ಆದರೆ 2013ರಲ್ಲಿ ಜಿರೋ ಕಂಪನಿ ಎಂಪೈರ್ ಎಂಬ ಲೇಸ್ ಶೂ ತಂದಾಗ ಟೇಲರ್ ಫಿನ್ನಿಯಂಥ ವೃತ್ತಿಪರರೇ ಅದನ್ನು ಹಾಕಿ ರೇಸಿಗೆ ಇಳಿದರು. ದಿನಾ 200 ಕಿ.ಮೀ. ತುಳಿಯುವವರಿಗೆ ಆದದ್ದು ನಮಗೆ ಆಗುವುದಿಲ್ಲವೇ?

ಮೊದಲ ಪ್ರಯತ್ನ ಸುಲಭದ್ದು. ತಂತಿ ಓಡುತ್ತಿದ್ದ ಪ್ಲಾಸ್ಟಿಕ್ ಕೊಕ್ಕೆಗಳಲ್ಲೇ ಲೇಸ್ ಹಾಯಿಸಿದೆ. 60 ರೂಪಾಯಿಯ ಲೇಸ್ ವಾರ ಬಾಳಲಿಲ್ಲ. ಕೊಕ್ಕೆಗಳು ಸಣ್ಣ ತಂತಿಗೆ ಮಾಡಿದಂಥವು, ಅಂಚು ಹರಿತ. ಬಿಗಿ ಎಳೆದಂತೆಲ್ಲ ಲೇಸನ್ನು ಅವು ಗರಗಸ ಹಾಕಿದಂತೆ ಕೊಯ್ದವು. ಅದಕ್ಕಿಂತ ಕೆಟ್ಟದ್ದೆಂದರೆ ಲೇಸ್ ಕೊಕ್ಕೆಯಲ್ಲಿ ಸರಾಗ ಓಡದೆ ಮೇಲೆ ಮಾತ್ರ ಬಿಗಿಯಾಗಿ ಕೆಳಗೆ ಸಡಿಲ ಉಳಿಯುತ್ತಿತ್ತು.

ಎರಡನೇ ಸಲ ಕೊಕ್ಕೆಗಳನ್ನೆಲ್ಲ ಕತ್ತರಿಸಿ, ಶೂನ ಮೈಗೇ ತೂತು ಹೊಡೆದು ಹಿತ್ತಾಳೆ ಐಲೆಟ್ (ತೂತಿನ ಅಂಚು ಕಾಯುವ ಬಳೆ) ಕೂರಿಸಿದೆವು. ಆ ಅಣ್ಣ ಮೊದಲೇ ಹೇಳಿದ್ದರು, "ಸಾರ್, ಈ ಬಟ್ಟೆ ತೆಳ್ಳಗಿದೆ, ಹಿಂದೆ ಏನಾದ್ರೂ ಕೊಡ್ಬೇಕು" ಅಂತ. ಒಂದು ಕಾಲಿಗೆ ಹಾಗೇ ಮಾಡಿ ನೋಡೋಣ ಎಂದೆ, ಎಷ್ಟು ತಾಳುತ್ತದೆಂದು ಗೊತ್ತಾಗಬೇಕಿತ್ತು. ನಂದಿ ಘಾಟಿಯ ಕೊನೆಯ ತಿರುವುಗಳಲ್ಲಿ ಉತ್ತರ ಸಿಕ್ಕಿತು. ಕೆಳಗಿನಿಂದ ಏಳೆಂಟು ಕಿಲೋಮೀಟರ್ ಹತ್ತಿ ಬಂದಮೇಲೆ ಅಲ್ಲಿ ಹ್ಯಾಂಡಲ್ ಎಳೆದುಕೊಂಡು ತುಳಿಯುತ್ತೇವಲ್ಲ, ಕಾಲು ಮೇಲಕ್ಕೆಳೆದಾಗ ಮೇಲಿನ ಎರಡು ಐಲೆಟ್ ಬಟ್ಟೆ ಸಮೇತ ಕಿತ್ತು ಬಂದವು. ಕೂಲಿ, ಐಲೆಟ್ ಎಲ್ಲ ಸೇರಿ 150 ರೂಪಾಯಿ ಹೋಯಿತು.

ಮೂರನೆಯದು ನಿಂತಿತು. ಶೂನ ಬಾಯಿಯ ಎರಡೂ ಕಡೆ ಒಳಗಿನಿಂದ ಒಂದು ಬೆರಳಗಲದ ಚರ್ಮದ ಪಟ್ಟಿ ಕೊಟ್ಟು, ಮೇಣ ಹಚ್ಚಿದ ನೈಲಾನ್ ದಾರದಲ್ಲಿ ಎರಡು ಸಾಲು ಕೈಹೊಲಿಗೆ ಹಾಕಿಸಿದೆ. ಪಟ್ಟಿಗೆ ಬಳಸಿದ್ದು ನನ್ನದೇ ಹಳೆಯ ಬೆಲ್ಟ್. ಚರ್ಮ ಹೊಸದಾದರೆ ಬೆವರಿಗೆ ಹಿಗ್ಗುತ್ತದೆ, ಹತ್ತು ವರ್ಷ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಗ್ಗುವಷ್ಟು ಹಿಗ್ಗಿ ಮುಗಿದಿರುತ್ತದೆ. ಅದರ ಮೇಲೆ ಬಟ್ಟೆ, ಪಟ್ಟಿ ಎರಡನ್ನೂ ಕಚ್ಚುವ ಹಾಗೆ ಐಲೆಟ್. ಒಂದೊಂದು ಕಡೆ ಆರು. ತೂತಿನಿಂದ ತೂತಿಗೆ ಒಂದೂಕಾಲು ಸೆಂಟಿಮೀಟರ್ ಸುಮಾರಿಗೆ. ಐಲೆಟ್ಟಿನ ಒಳಬದಿಯ ಅಂಚನ್ನು ಸುತ್ತಿಗೆಯಲ್ಲಿ ತಟ್ಟಿದಮೇಲೆ ಸಣ್ಣ ಮರಳು ಕಾಗದದಲ್ಲಿ ಉಜ್ಜಲೇಬೇಕು, ಇಲ್ಲದಿದ್ದರೆ ಅದೂ ಲೇಸ್ ಕೊಯ್ಯುತ್ತದೆ. ಎರಡು ಕಾಲಿಗೂ ಸೇರಿ 350 ಕೊಟ್ಟೆ. ಅಣ್ಣ 300 ಕೇಳಿದ್ದರು. ಆ ಹೊಲಿಗೆ ನೋಡಿ 50 ಜಾಸ್ತಿ ಕೊಡಬೇಕೆನ್ನಿಸಿತು. ಮಳೆಗಾಲ ಕಳೆದರೂ ಒಂದು ದಾರ ಎದ್ದಿಲ್ಲ.

ಶೂ ಹಾಕಿ ಲೇಸ್ ಬಿಗಿದಾಗ ಎರಡೂ ಕಡೆಯ ಐಲೆಟ್ ಸಾಲುಗಳ ನಡುವೆ ಕನಿಷ್ಠ ಎರಡು ಬೆರಳಿನ ಜಾಗ ಉಳಿದಿರಬೇಕು. ಸಾಲುಗಳು ಈಗಲೇ ಮುಟ್ಟಿಕೊಂಡರೆ ಮುಂದೆ ಎಳೆಯಲು ಜಾಗವೇ ಇರುವುದಿಲ್ಲ. ಡಯಲ್ ಶೂಗಳ ನಾಲಿಗೆ ತೆಳ್ಳಗಿರುತ್ತದೆ, ತಂತಿಗೆ ಅದು ಸಾಕು, ಲೇಸಿನ ಗಂಟಿಗೆ ಸಾಲದು. ಹಳೇ ಲ್ಯಾಪ್‌ಟಾಪ್ ಬ್ಯಾಗಿನ ಸ್ಪಂಜ್ ಕತ್ತರಿಸಿ ಒಳಗೆ ಹೊಲಿಸಿದೆ.

ಇನ್ನು ಲೇಸ್ ಕಟ್ಟುವ ರೀತಿ. ಕೆಲಸ ಗೆದ್ದದ್ದು ಇಲ್ಲೇ. ಒಂದು ಶೂಗೆ ನಾನು ಎರಡು ಲೇಸ್ ಹಾಕುತ್ತೇನೆ. ಕೆಳಗಿನ ಎರಡು ಜೋಡಿ ತೂತಿಗೆ ಒಂದು ಚಿಕ್ಕ ಲೇಸ್, 45 ಸೆಂಟಿಮೀಟರ್ ಇರಬಹುದು. ಅದನ್ನು ಒಂದು ಸಲ ಸಡಿಲವಾಗಿ ಕಟ್ಟಿ ತುದಿಗಳನ್ನು ಒಳಗೆ ತಳ್ಳಿದರೆ ಮತ್ತೆ ಮುಟ್ಟುವ ಕೆಲಸವಿಲ್ಲ. ಚಿಕ್ಕಂದಿನಿಂದ ಬರಿಗಾಲಿನಲ್ಲಿ, ಹವಾಯಿ ಚಪ್ಪಲಿಯಲ್ಲಿ ತಿರುಗಿದ ನನ್ನಂಥವರ ಪಾದ ಮುಂದೆ ಅಗಲ, ಹಿಮ್ಮಡಿಯಲ್ಲಿ ಕಿರಿದು. ಒಂದೇ ಡಯಲಿನ ಶೂನಲ್ಲಿ ತಂತಿ ಜಾರಿ ಜಾರಿ ಎಲ್ಲ ಕಡೆಗೂ ಬಿಗಿ ಒಂದೇ ಸಮ ಹಂಚಿಬಿಡುತ್ತದೆ. ಹಿಮ್ಮಡಿ ನಿಲ್ಲಲೆಂದು ತಿರುವಿದರೆ ಬೆರಳು ಹಿಸುಕುತ್ತದೆ. 60-70 ಕಿ.ಮೀ. ಆಗುವಷ್ಟರಲ್ಲಿ ಕಿರುಬೆರಳಿಗೆ ಜೋಮು, ಆಮೇಲೆ ಅಂಗಾಲಿನಲ್ಲಿ ಉರಿ. ಎಷ್ಟೋ ಜನ ಅದಕ್ಕೆ ಕ್ಲೀಟ್ ಹಿಂದಕ್ಕೆ ಸರಿಸುತ್ತಾರೆ, ಇನ್‌ಸೋಲ್ ಬದಲಾಯಿಸುತ್ತಾರೆ. ನಾನೂ ಕ್ಲೀಟನ್ನು ಒಂದಿಷ್ಟು ಹಿಂದೆ ಸರಿಸಿದ್ದೇನೆ, ಅದರಿಂದಲೂ ಉಪಯೋಗವಿದೆ. ಆದರೆ ಮುಂಗಾಲು, ಮೇಲ್ಭಾಗ ಎರಡಕ್ಕೂ ಬೇರೆ ಬೇರೆ ಬಿಗಿ ಕೊಟ್ಟಮೇಲೆಯೇ ನನ್ನ ಜೋಮು ಹೋದದ್ದು.

ಮೇಲಿನ ನಾಲ್ಕು ಜೋಡಿಗೆ 90 ಸೆಂಟಿಮೀಟರಿನ ಚಪ್ಪಟೆ ಪಾಲಿಯೆಸ್ಟರ್ ಲೇಸ್. ಪಾದದ ಮೇಲೆ ಮೂಳೆ ಉಬ್ಬಿದ ಕಡೆ ಅಡ್ಡ ಹಾಯಿಸದೆ ಲೇಸನ್ನು ಅದೇ ಬದಿಯಲ್ಲಿ ನೇರ ಮೇಲಕ್ಕೆ ಒಯ್ದು ಮುಂದಿನ ತೂತಿನಿಂದ ಅಡ್ಡ ಹಾಕುತ್ತೇನೆ. ಮೂಳೆಯ ಮೇಲೆ ಒತ್ತಡವೇ ಇರುವುದಿಲ್ಲ. ಗಂಟು ಮಾಮೂಲಿ ಎರಡು ಕಿವಿಯದೇ, ಆದರೆ ಮೊದಲ ಸುತ್ತನ್ನು ಒಂದರ ಬದಲು ಎರಡು ಸುತ್ತು ಹಾಕಬೇಕು. ಆಗ ಕಿವಿ ಮಾಡುವಾಗ ಲೇಸ್ ಹಿಂದಕ್ಕೆ ಜಾರುವುದಿಲ್ಲ. ಕಿವಿ, ತುದಿ ಎರಡನ್ನೂ ಕೆಳಗಿನ ಅಡ್ಡ ಲೇಸುಗಳ ಅಡಿಗೆ ಸಿಗಿಸಿ, ಮೇಲೊಂದು ಅಗಲದ ಎಲಾಸ್ಟಿಕ್. ನನ್ನ ಮಗಳ ಜಡೆಯ ರಬ್ಬರ್ ಬ್ಯಾಂಡ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಚೈನಿಗೆ ಸಿಕ್ಕುವ ಭಯ ಬಲಗಾಲಿಗೆ ಮಾತ್ರ, ಆದರೂ ಎರಡಕ್ಕೂ ಹಾಕುತ್ತೇನೆ. ಇಷ್ಟರಲ್ಲಿ ಒಂದು ಸಲವೂ ತುದಿ ಹೊರಗೆ ಬಂದಿಲ್ಲ.

ಲೇಸಿಗೆ ಹಚ್ಚುವ ಮೇಣ ಒಂದಿದೆ. ಬರೀ ಜೇನುಮೇಣವಲ್ಲ, ಅದಕ್ಕೆ ಇನ್ನೊಂದು ಬೆರೆಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎಷ್ಟೋ ಪ್ರಯತ್ನದ ಮೇಲೆ ಹದ ಸಿಕ್ಕಿರುವುದು. ಜೊತೆಗೆ ಸೈಕಲ್ ತುಳಿಯಲು ಬಂದವರಿಗೆ ಹಚ್ಚಿಕೊಡುತ್ತೇನೆ.

ಲೇಸಿಗೆ ಇರುವ ನಿಜವಾದ ತೊಂದರೆ ಎಂದರೆ ಸೈಕಲ್ ಓಡುತ್ತಿರುವಾಗ ಬಿಗಿ ಮಾಡಲಾಗುವುದಿಲ್ಲ. ಡಯಲಿನವರು ಗೆಲ್ಲುವುದು ಇಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಬಾಗೇಪಲ್ಲಿ ಕಡೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಪಾದ ಊದುತ್ತದೆ, ಸಡಿಲ ಮಾಡಬೇಕು. ಘಾಟಿ ಬಂದರೆ ಬಿಗಿ ಬೇಕು. ಇದಕ್ಕೆ ನನ್ನ ಉಪಾಯ ಪಟ್ಟಿ. ಮೊದಲು ಶೂನಲ್ಲಿ ಡಯಲ್ ಮೇಲೆ, ವೆಲ್ಕ್ರೋ ಪಟ್ಟಿ ಬೆರಳುಗಳ ಹತ್ತಿರ ಇತ್ತು. ಆ ಪಟ್ಟಿಯನ್ನು ಕಿತ್ತು ಕಣಕಾಲಿನ ಕೆಳಗೆ, ಲೇಸಿನ ಗಂಟಿಗಿಂತ ಮೇಲೆ ಹೊಲಿಸಿದೆ. ಎಳೆಯುವ ತುದಿ ಹೊರಬದಿಗೇ ಬರಬೇಕು, ಒಳಗೆ ಬಂದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕಿಗೆ ಉಜ್ಜುತ್ತದೆ. ಲೇಸನ್ನು ಮನೆಯಲ್ಲಿ ಅರ್ಧ ಬಿಗಿಯಲ್ಲಿ ಕಟ್ಟಿ ಹೊರಟರೆ ಉಳಿದರ್ಧ ಪಟ್ಟಿಯಿಂದ. ನಂದಿ ಗ್ರಾಮ ದಾಟಿ ಏರು ಶುರುವಾಗುವಾಗ ಬಗ್ಗಿ ಒಂದು ಎಳೆತ, ಮೇಲೆ ಹೋಗಿ ಕಾಫಿ ಕುಡಿಯುವಾಗ ಸಡಿಲ. ಪಟ್ಟಿಗೂ ದೂಳು ಹಿಡಿಯುತ್ತದೆ, ಕಾಲುಚೀಲದ ನೂಲು ಕಚ್ಚುತ್ತದೆ. ವಾರಕ್ಕೊಮ್ಮೆ ಸೂಜಿಯಲ್ಲಿ ನೂಲೆತ್ತಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಪೂರ್ತಿ ಹೋದರೆ ಮೀಟರ್ ಲೆಕ್ಕದಲ್ಲಿ ವೆಲ್ಕ್ರೋ ನಮ್ಮೂರಿನ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಶಿಡ್ಲಘಟ್ಟ ಇಷ್ಟು ಹತ್ತಿರ ಇಟ್ಟುಕೊಂಡು ರೇಷ್ಮೆ ನೋಡದಿದ್ದರೆ ಹೇಗೆ? ಪರಿಚಯದ ರೀಲಿಂಗ್ ಘಟಕದವರಿಂದ ನೂಲು ತಂದು, ನಮ್ಮಮ್ಮನ ಕೈಲಿ ಜಡೆ ಹೆಣೆಸಿ ಲೇಸ್ ಮಾಡಿಸಿದೆ. ಎಳೆದರೆ ಹರಿಯುವುದಿಲ್ಲ, ಅಷ್ಟು ಗಟ್ಟಿ. ಆದರೆ ಗಂಟು ನಿಲ್ಲುವುದಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿ ಮುಟ್ಟುವಷ್ಟರಲ್ಲಿ ಮೂರ್ನಾಲ್ಕು ಸಲ ಬಿಚ್ಚಿತು. ಮೇಣ ಹಚ್ಚಿದರೆ ಸ್ವಲ್ಪ ನಿಂತಿತು, ಸಾಕಾಗಲಿಲ್ಲ. ಟ್ರಯಾಥ್ಲಾನಿನವರು ಬಳಸುವ ಎಲಾಸ್ಟಿಕ್ ಲೇಸನ್ನೂ ತರಿಸಿದ್ದೆ, 200 ರೂಪಾಯಿ ಆಸುಪಾಸು. ಸಮತಟ್ಟಿನಲ್ಲಿ ಹಾಯಾಗಿತ್ತು. ಏರಿನಲ್ಲಿ ಕಾಲು ಮೇಲೆಳೆದಾಗ ಹಿಮ್ಮಡಿ ಶೂ ಬಿಟ್ಟು ಏಳುತ್ತದೆ, ಶಕ್ತಿಯೆಲ್ಲ ಎಲಾಸ್ಟಿಕ್ಕಿಗೇ ಹೋಗುತ್ತದೆ. ಶಾಲೆ ಮಕ್ಕಳ ಹತ್ತಿ ಲೇಸ್ ಒಣಗಿದ್ದಾಗ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಮಳೆಯಲ್ಲಿ ನೆನೆದರೆ ಊದಿ ಗಂಟು ಕಲ್ಲಾಗುತ್ತದೆ, ಬಿಚ್ಚಲು ಹಲ್ಲು ಬೇಕು. ಬಕಲ್ ಶೂ ನನ್ನ ತಮ್ಮನದಿದೆ. ಅದರ ಪ್ಲಾಸ್ಟಿಕ್ ಪಟ್ಟಿಯ ಹಲ್ಲುಗಳೂ ನನ್ನ ಡಯಲಿನ ದಾರಿಯನ್ನೇ ಹಿಡಿದಿವೆ.

ಪರೀಕ್ಷೆ ಎಂದು ಇಟ್ಟುಕೊಂಡದ್ದು 200ರ ಬ್ರೆವೆ. ಹದಿಮೂರೂವರೆ ಗಂಟೆಯ ಗಡುವು. ನಾನು ಹತ್ತು ಗಂಟೆ ಚಿಲ್ಲರೆಯಲ್ಲಿ ಮುಗಿಸಿದೆ, ನನ್ನ ಲೆಕ್ಕಕ್ಕೆ ಒಳ್ಳೆಯ ಸಮಯ. ದಾರಿಯಲ್ಲಿ ಲೇಸ್ ಮುಟ್ಟಿದ್ದು ಒಂದೇ ಸಲ, ಊಟಕ್ಕೆ ಕೂತಾಗ, ಅದೂ ಪಾದಕ್ಕೆ ಗಾಳಿಯಾಡಲಿ ಎಂದು. ಡಯಲ್ ಶೂನಲ್ಲಿ ಜೊತೆಗಿದ್ದ ಗೆಳೆಯ ಕೊನೆಯ 40 ಕಿ.ಮೀ. ಪೆಡಲಿನಿಂದ ಕಾಲು ತೆಗೆದು ತೆಗೆದು ಬೆರಳು ಆಡಿಸುತ್ತಿದ್ದ. "ಅಣ್ಣಾ, ನಿಮಗೆ ಜೋಮು ಹಿಡೀಲಿಲ್ವಾ?" ಅಂತ ಮೂರು ಸಲ ಕೇಳಿದ. ಮನೆಗೆ ಬಂದ ಶೂಗಳಲ್ಲಿ ಒಂದು ಅವನದೇ.

ಇದೇ ಕೆಲಸ ಮಾಡಿಸಬೇಕೆಂದಿರುವವರು ಮೊದಲು ಶೂನ ಮೈ ಯಾವುದೆಂದು ನೋಡಿ. ಪೂರ್ತಿ ಜಾಲರಿ ಬಟ್ಟೆಯಾದರೆ ಬೇಡ, ಪಟ್ಟಿ ಕೊಟ್ಟರೂ ಹೊಲಿಗೆಯ ಸಾಲಿನಲ್ಲೇ ಹರಿಯುತ್ತದೆ. ಸಿಂಥೆಟಿಕ್ ಲೆದರ್ ಅಥವಾ ಮೈಕ್ರೋಫೈಬರ್ ಇದ್ದರೆ ಧೈರ್ಯವಾಗಿ ಮಾಡಿಸಿ. ಚೆನ್ನಾಗಿ ನಡೆಯುತ್ತಿರುವ ಡಯಲನ್ನು ಕೀಳಬೇಡಿ, ರೇಸ್ ಮಾಡುವವರಿಗೂ ಕಾಲು ತುಂಬಾ ಊದುವವರಿಗೂ ಅದೇ ಸರಿ. ಹೊಸದಾಗಿ ಕೊಳ್ಳುವವರಾದರೆ ನಾಲ್ಕೈದು ಸಾವಿರದ ವೆಲ್ಕ್ರೋ ಶೂನಲ್ಲೇ ಶುರು ಮಾಡಿ, ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುವಾಗ ಹಾಕಿ ನೋಡಿ ಕೊಳ್ಳಿ. ಆಮೇಲೆ ಸ್ಯಾಡಲ್ ಬ್ಯಾಗಿನಲ್ಲಿ ಟ್ಯೂಬಿನ ಜೊತೆ ಒಂದು ಜೊತೆ ಲೇಸ್ ಇಟ್ಟುಕೊಳ್ಳಿ, 30 ರೂಪಾಯಿ. ಹೋದ ತಿಂಗಳು ಕೈವಾರದ ಹತ್ತಿರ ಒಬ್ಬರ ಲೈಟಿನ ಕ್ಲಾಂಪ್ ಮುರಿದಾಗ ಹ್ಯಾಂಡಲಿಗೆ ಅದರಲ್ಲೇ ಕಟ್ಟಿಕೊಟ್ಟೆ.